ನಾನೂರು ಏನು?

ಕಳೆದ ವಾರ ನಮ್ಮ ಮನೆಗೆ ಇಂಟರ್ನೆಟ್ ತಂತಿ ಎಳೆಯಲು ಬಂದಿದ್ದ ತರುಣ ಗೋಡೆಗೆ ಡಬ್ಬಿ ಕೂರಿಸಿ, ಕೈ ಝಾಡಿಸಿಕೊಂಡು, "ನೂರು ಎಂಬಿ ಬರ್ತೈತ್ರಿ ಕಾಕಾ" ಅಂದ. "ನೂರು ಏನಪಾ, ಬಿಟ್ಟೋ ಬೈಟೋ?" ಎಂದು ಕೇಳಿದೆ. ನನಗೆ ಕಿವಿ ಮಂದ ಎಂದುಕೊಂಡನೋ ಏನೋ, ದನಿ ಏರಿಸಿ "ನೂರ್ರಿ ಕಾಕಾ, ನೂರು" ಅಂದು ಹೊರಟುಹೋದ. ಬಿಟ್ಟಾದರೆ ಎಂಟರಿಂದ ಭಾಗಿಸಬೇಕು. ಅವನ ನೂರು ಹನ್ನೆರಡೂವರೆಗೆ ಇಳಿಯುತ್ತದೆ. ಅವನು ಹೋದ ಮೇಲೆ ಒಬ್ಬನೇ ಕೂತು ಭಾಗಿಸಿದೆ. ಭಾಗಿಸಿ ಏನು ಮಾಡುವುದಿತ್ತು ಎಂದು ಕೇಳಬೇಡಿ. ಆ ತಂತಿಯಿಂದ ನನಗೆ ಆಗಬೇಕಾದ ಕೆಲಸ ಬೆಳಗಿನ ಪೇಪರ್ ಓದುವುದೊಂದೇ. ಅದಕ್ಕೆ ಹನ್ನೆರಡೂವರೆ ಧಾರಾಳವಾಯಿತು.

ಯಾರಾದರೂ ಬರಿಯ ಸಂಖ್ಯೆ ಹೇಳಿದರೆ ನನಗೆ ತಡೆಯುವುದಿಲ್ಲ. ಡಾಕ್ಟರು "ನೂರಾ ನಲವತ್ತು ಅದರೀ" ಅಂದರೆ ಹೆದರಿಕೆಗಿಂತ ಮೊದಲು "ಏನು, ಸಕ್ಕರೆಯೋ ಬಿಪಿಯೋ?" ಎಂಬ ಪ್ರಶ್ನೆ ಹೊರಬೀಳುತ್ತದೆ. ಇದಕ್ಕೊಂದು ಕಾರಣವಿದೆ, ಹೇಳುತ್ತೇನೆ. ಆದರೆ ನೆಟ್ಟಗೆ ಒಂದೇ ದಾರಿ ಹಿಡಿದು ಹೇಳುವ ಸ್ವಭಾವ ನನ್ನದಲ್ಲ. ಒಂದೆಡೆ ಕೂತು ಬರೆಯುವುದೂ ಕಷ್ಟವೇ. ಇಷ್ಟು ಬರೆಯುವುದರೊಳಗೆ ಎದ್ದು ಅಂಗಳಕ್ಕೆ ಹೋಗಿ ಬಂದೆ. ಅಲ್ಲಿ ಏನೂ ಇರಲಿಲ್ಲ.

ಬಬಲೇಶ್ವರದ ನಮ್ಮ ಮನೆಯಲ್ಲಿ ನಾನು ಕುಣಿಯುವ ಕಾಲಿಗೇ ಹೆಸರಾಗಿದ್ದೆ. ಸಾಲೆಯ ಉದ್ದನೆಯ ಮಣೆಯ ಮೇಲೆ ನಾನು ಒಂದು ತುದಿಗೆ ಕೂತರೆ ಇನ್ನೊಂದು ತುದಿಯಲ್ಲಿ ಕೂತವನ ಅಕ್ಷರ ಸೊಟ್ಟಗಾಗುತ್ತಿತ್ತು. ಊಟಕ್ಕೆ ಕೂತರೆ ತಾಟಿನ ಸಾರು ತೆರೆ ಹೊಡೆಯುತ್ತಿತ್ತು. ನಮ್ಮ ಆಯಿ, ಅಂದರೆ ಅಜ್ಜಿ, "ಇವನ ಕಾಲ ಮ್ಯಾಲ ಬೀಸೂ ಕಲ್ಲರ ಇಡ್ರಿ, ಎರಡ ತುತ್ತ ಸಮಾಧಾನದಿಂದ ಉಣ್ಣಲಿ" ಅನ್ನುತ್ತಿದ್ದಳು. ಕಲ್ಲನ್ನೇನೂ ಇಡಲಿಲ್ಲ, ಕಾಲೂ ನಿಲ್ಲಲಿಲ್ಲ.

ಆ ವಯಸ್ಸಿನಲ್ಲೇ ಲೆಕ್ಕದ ಇನ್ನೊಂದು ಹುಳವೂ ತಲೆಗೆ ಹೊಕ್ಕಿತು. ನಮ್ಮ ಕಾಕಾ ದೂರವನ್ನು ಬೀಡಿಯಲ್ಲಿ ಹೇಳುವವರು. "ನಿಡೋಣಿ ಎಷ್ಟ ದೂರರೀ?" ಎಂದು ಯಾರಾದರೂ ಕೇಳಿದರೆ "ಆರು ಬೀಡಿ" ಅನ್ನುವರು. ನಮ್ಮ ಸೋದರಮಾವ ಬೀಡಿ ಮುಟ್ಟದವರು. ಅವರಿಗೊಂದು ಹಳೆಯ ಹೊಲದ ವ್ಯಾಜ್ಯವಿತ್ತು, ದಾರಿಯಲ್ಲಿ ಜೊತೆಗೆ ಸಿಕ್ಕವರಿಗೆಲ್ಲ ಅದನ್ನು ಮೊದಲಿನಿಂದ ಹೇಳುತ್ತಿದ್ದರು. ನಿಡೋಣಿ ಮುಟ್ಟುವಷ್ಟರಲ್ಲಿ ವ್ಯಾಜ್ಯ ಒಂದು ಸಲ ಪೂರ್ತಿ ಮುಗಿಯುತ್ತಿತ್ತು. ಹಾಗಾದರೆ ಒಂದು ವ್ಯಾಜ್ಯಕ್ಕೆ ಆರು ಬೀಡಿ. ಹಾಗೆಯೇ ಬಬಲೇಶ್ವರದಿಂದ ವಿಜಾಪುರಕ್ಕೆ ಎಷ್ಟು ವ್ಯಾಜ್ಯ ಎಂದು ನಾನು ಲೆಕ್ಕ ಹಾಕುತ್ತ ಓಡಾಡುತ್ತಿದ್ದೆ. ಈಗ ಊರಿನ ಹೆಸರನ್ನು ವಿಜಯಪುರ ಎಂದು ಬರೆಯುತ್ತೇವೆ. ಎಪ್ಪತ್ತರ ದಶಕದಲ್ಲಿ ನಮ್ಮ ಬಾಯಲ್ಲಿ ಅದು ವಿಜಾಪುರವೇ.

ಆ ದಶಕದ ನಡುವೆ ನನಗೆ ವಿಜಾಪುರದ ತಾರಾಫೀಸಿನಲ್ಲಿ ನೌಕರಿ ಸಿಕ್ಕಿತು. ಟೆಲಿಗ್ರಾಮಿಗೆ ನಮ್ಮ ಕಡೆ ತಾರು ಅನ್ನುತ್ತಾರೆ. ಅದಕ್ಕೂ ಮೊದಲು ದೂರದ ಊರೊಂದರಲ್ಲಿ ತರಬೇತಿ. ಅಲ್ಲಿ ಟೆಲಿಪ್ರಿಂಟರ್ ಎಂಬ ಯಂತ್ರ ತೋರಿಸಿದರು. ನೋಡಲು ದಪ್ಪನೆಯ ಟೈಪ್‌ರೈಟರ್. ಇಲ್ಲಿ ಅಕ್ಷರ ಒತ್ತಿದರೆ ಇನ್ನೊಂದು ಊರಿನ ಯಂತ್ರದಲ್ಲಿ ಅದೇ ಅಕ್ಷರ ಕಾಗದದ ಮೇಲೆ ಬೀಳುತ್ತದೆ. ಅದರ ವೇಗ ಐವತ್ತು ಬಾಡ್ ಎಂದು ಹೇಳಿದರು. ರಜೆಗೆ ಬಂದಾಗ ಅವ್ವನಿಗೆ ಬಹಳ ಠೀವಿಯಿಂದ ಹೇಳಿದೆ. "ಬಾಡ್ ಅಂದ್ರ ಏನೋ? ಬಾಡಿದ ಕಾಯಿಪಲ್ಲೆ ಇದ್ದಂಗ ಕೇಳಸ್ತೈತಿ" ಅಂದಳು.

ನಿಮಗೂ ಹಾಗೇ ಕೇಳಿಸಿರಬಹುದು, ಆದ್ದರಿಂದ ಒಂದು ನಿಮಿಷ ತಡೆದುಕೊಳ್ಳಿ. ಬಾಡ್ ಅಂದರೆ ಒಂದು ಸೆಕೆಂಡಿಗೆ ತಂತಿಯ ಮೇಲೆ ಹೋಗುವ ಮಿಡಿತಗಳು. ಒಂದು ಅಕ್ಷರಕ್ಕೆ ಐದು ಮಿಡಿತ. ಮುಂದೆ "ಶುರುವಾಯ್ತು" ಅನ್ನಲಿಕ್ಕೆ ಒಂದು, ಹಿಂದೆ "ಮುಗಿಯಿತು" ಅನ್ನಲಿಕ್ಕೆ ಒಂದೂವರೆ. ಒಟ್ಟು ಏಳೂವರೆ. ಐವತ್ತನ್ನು ಏಳೂವರೆಯಿಂದ ಭಾಗಿಸಿ, ಅರವತ್ತರಿಂದ ಗುಣಿಸಿದರೆ ಮಿನಿಟಿಗೆ ಸರಿಯಾಗಿ ನಾನೂರು ಅಕ್ಷರ. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. ಈ ಲೆಕ್ಕ ಗೊತ್ತಾದ ದಿನ ನನಗಾದ ಸಂತೋಷವನ್ನು ಯಾರಿಗೆ ಹೇಳಲಿ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ನಳದ ಮುಂದೆ ಕೊಡ ಹಿಡಿದು ನಿಂತಾಗ, ಎಲ್ಲೆಲ್ಲೂ ಐವತ್ತು, ಏಳೂವರೆ, ನಾನೂರು ಎಂದು ಗುನುಗುತ್ತಿದ್ದೆ. ನಳದ ಮುಂದೆ ನಿಲ್ಲುವುದು ಬಹಳವೇ ಇತ್ತು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅರಿವೆ ಅಂಗಡಿಯ ಮಾಳಿಗೆ ಮೇಲೆ ನನ್ನ ಖೋಲಿ. ಭೂತನಾಳ ಕೆರೆಯ ನೀರು ತನಗೆ ಮನಸ್ಸು ಬಂದಾಗ ಅಲ್ಲಿಗೆ ಏರುತ್ತಿತ್ತು.

ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಖಾದರಭಾಯಿಯದು. ನನಗಿಂತ ಹತ್ತು ವರ್ಷ ಹಿರಿಯ, ತಿಕೋಟಾದವನು. ಅವರ ಮನೆಯವರು ತಲೆತಲಾಂತರದಿಂದ ಅಲ್ಲೇ ಒಕ್ಕಲುತನ ಮಾಡಿಕೊಂಡಿದ್ದವರು. ನನ್ನ ಕಾಲು ಮೇಜನ್ನು ಅಲುಗಾಡಿಸುವುದನ್ನು ಒಂದು ವರ್ಷ ಸಹಿಸಿದ ಮೇಲೆ ಒಂದು ದಿನ ಅವನು ಹೇಳಿದ:

"ಮಲ್ಲು, ನೀ ಲಗ್ನ ಮಾಡ್ಕೊಳಪಾ. ನನ್ನ ಮೇಜ ಆದರೂ ಉಳೀತೈತಿ."

ಅವನ ಮನಸ್ಸಿನಲ್ಲಿ ಒಂದು ಹೆಣ್ಣೂ ಇತ್ತು. ತಿಕೋಟಾದಲ್ಲಿ ಅವರ ಮನೆಯ ಗೋಡೆಗೆ ಹತ್ತಿದ ಮನೆ ಸಂಗಪ್ಪನವರದು. ರೈಲ್ವೆಯಲ್ಲಿ ತಾರು ಕಳಿಸುವ ಕೆಲಸದಿಂದ ನಿವೃತ್ತರಾದವರು. ಅವರ ಕಾಲದಲ್ಲಿ ಟೆಲಿಪ್ರಿಂಟರ್ ಇರಲಿಲ್ಲ. ಹಿತ್ತಾಳೆಯ ಗುಬುಟನ್ನು ಬೆರಳಿನಿಂದ ಕುಟ್ಟಿ, ಗಿಡ್ಡ ಸಪ್ಪಳ ಉದ್ದ ಸಪ್ಪಳಗಳಲ್ಲಿ ಮಾತು ಕಳಿಸುವ ಮೋರ್ಸ್ ಪದ್ಧತಿ. ಹೆಂಡತಿ ತೀರಿಕೊಂಡು ಬಹಳ ವರ್ಷ. ಒಬ್ಬಳೇ ಮಗಳು ಸುಮಿತ್ರಾ, ವಿಜಾಪುರದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು.

"ಮಾವನೂ ತಾರಿನಂವ, ಅಳಿಯನೂ ತಾರಿನಂವ. ಮಾತಾಡಾಕ ಏನೂ ತ್ರಾಸಿಲ್ಲ" ಅಂದ ಖಾದರಭಾಯಿ. ಅವನ ಅಂದಾಜು ತಪ್ಪಿದ್ದು ಅಲ್ಲೇ.

ಹೆಣ್ಣು ನೋಡಲು ನಾನು, ಅವ್ವ, ಖಾದರಭಾಯಿ ಹೋದೆವು. ಉಪ್ಪಿಟ್ಟು ಬಂತು, ಚಹಾ ಬಂತು. ಚಹಾ ತಂದ ಸುಮಿತ್ರಾ ಎಲ್ಲರಿಗೂ ಕೊಟ್ಟು, ನನ್ನ ಮೋರೆಯನ್ನು ಒಮ್ಮೆ, ಕಾಲನ್ನು ಒಮ್ಮೆ ನೋಡಿ ಒಳಗೆ ಹೋದರು. ಆಗಲೇ ಪಕ್ಕದ ಮನೆಯಿಂದ ಖಾದರಭಾಯಿಯ ತಾಯಿ ಕೂಗಿದರು, ಅವನೂ ಎದ್ದು ಹೋದ. ಸಂಗಪ್ಪನವರು ನನ್ನ ಎಡಗಾಲನ್ನು ಬಹಳ ಹೊತ್ತು, ತಲೆ ಒಂದು ಬದಿಗೆ ವಾಲಿಸಿ ನೋಡಿದರು.

"ಏನ ಕಳಸಾಕತ್ತೀರಿ?" ಎಂದು ಕೇಳಿದರು.

ನನಗೆ ತಿಳಿಯಲಿಲ್ಲ. "ಏನ್ರಿ?"

"ಕಾಲಿಂದ. ಏನರ ಹೇಳಾಕತ್ತೀರೇನು ಅಂತ ಓದಾಕ ನೋಡಿದೆ. ತಿಳೀವಲ್ದು."

"ಏನಿಲ್ರಿ, ಚಟ."

"ಏನೂ ಇಲ್ದ ಇಷ್ಟ ಜೋರ ಕಳಸಬಾರದು" ಅಂದರು. ಅವ್ವ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟಿದಳು.

ಆಮೇಲೆ ಅವರು ಚಹಾದ ಬಶಿ ಕೈಯಲ್ಲಿ ಹಿಡಿದು, ನಮ್ಮ ಕಸುಬಿನವರು ಒಬ್ಬರನ್ನೊಬ್ಬರು ಮೊದಲು ಕೇಳುವ ಮಾತನ್ನೇ ಕೇಳಿದರು. "ನಿಮ್ಮ ಸ್ಪೀಡ ಎಷ್ಟರಿ?"

"ಐವತ್ತು ಬಾಡ್ ರಿ."

"ಅದು ನನಗ ತಿಳಿಯೂದಿಲ್ಲ. ಮಿನಿಟಿಗೆ ಎಷ್ಟು?"

ವರ್ಷವಿಡೀ ಗುನುಗಿದ ಲೆಕ್ಕ ಬಾಯಲ್ಲೇ ಕೂತಿತ್ತು. "ನಾನೂರು ರಿ" ಅಂದೆ.

ಅವರು ಬಶಿಯನ್ನು ಕೆಳಗಿಟ್ಟರು. "ನಾನೂರು?"

"ಹೌದ್ರಿ. ನಾನೂರಕ್ಕ ಒಂದೂ ಕಡಿಮಿ ಆಗೂದಿಲ್ಲ."

ಅವರು ಸ್ವಲ್ಪ ಹೊತ್ತು ಗೋಡೆ ನೋಡಿದರು. ನಂತರ ಎಮ್ಮೆಗೆ ನೀರು ಕುಡಿಸುವುದಿದೆ ಎಂದು ಎದ್ದು ಹಿತ್ತಲಿಗೆ ಹೋದವರು ನಾವು ಹೊರಡುವ ತನಕ ಬರಲಿಲ್ಲ. ಎಮ್ಮೆಗೆ ಬಾಯಾರಿಕೆ ಬಹಳ ಇರಬೇಕು ಎಂದು ನಾನು ತಿಳಿದೆ.

ಉತ್ತರ ಖಾದರಭಾಯಿಯ ಕೈಯಲ್ಲಿ ಬಂತು. "ಅವರು ಒಲ್ಲೆ ಅಂದಾರ. ಹುಡುಗನ ನಾಲಿಗಿ ಉದ್ದ ಐತಿ ಅಂದ್ರು. ನಾ ಆಚೀಗೆ ಹೋದಾಗ ಏನ ಮಾತಾಡಿದಿ?"

"ಏನೂ ಇಲ್ಲ. ಕೇಳಿದ್ದಕ್ಕ ಹೇಳಿದೆ."

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಅಂಗಾಲು ಚುರುಗುಟ್ಟುತ್ತದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು. ಗಾಂಧಿ ಚೌಕದ ಅಂಗಡಿ ಸಾಲನ್ನು ಸುಮ್ಮನೆ ಸುತ್ತುತ್ತಿದ್ದೆ. ಪಾತ್ರೆ ಅಂಗಡಿಯವನು ನಾನು ಕೊಡ ಕೊಳ್ಳಲು ಬಂದಿದ್ದೇನೆಂದು ದಿನಾ ಹೊಸದೊಂದನ್ನು ಮುಂದಿಡುತ್ತಿದ್ದ. ಅವ್ವನ ಪ್ರಕಾರ ತಪ್ಪೆಲ್ಲ ಕಾಲಿನದು. ನಾನು ಉಪ್ಪಿಟ್ಟು ಎರಡನೆಯ ಸಲ ಹಾಕಿಸಿಕೊಂಡೆನಲ್ಲ, ಅದೇನಾದರೂ ಇರಬಹುದೆ ಎಂದೂ ಯೋಚಿಸಿದೆ. ಒಮ್ಮೆ ನೋಡಿದ ಮೋರೆಗಾಗಿ ಇಷ್ಟು ಚಡಪಡಿಸುವುದು ನನಗೇ ನಾಚಿಕೆಯಾಗುತ್ತಿತ್ತು. ಆದರೆ ಆಕೆ ನನ್ನ ಕಾಲನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಸರಿಯಾಗಿ ಬಿಡಿಸದ ಲೆಕ್ಕವನ್ನು ಮಾಸ್ತರರು ನೋಡುತ್ತಾರಲ್ಲ, ಹಾಗಿತ್ತು. ಅದನ್ನು ಮರೆಯುವುದಾಗಲಿಲ್ಲ.

ಕೆಲಸದಲ್ಲೂ ನೆಮ್ಮದಿ ಇಲ್ಲ. ಟೆಲಿಪ್ರಿಂಟರಿನ ಒಂದು ಗುಣ ಹೇಳುತ್ತೇನೆ. ಅದು ಯಾರ ಅವಸರಕ್ಕೂ ಬಗ್ಗುವುದಿಲ್ಲ. ಒಂದು ಅಕ್ಷರ ತಂತಿಗೆ ಹೊರಟು ಮುಗಿಯುವ ತನಕ ಮುಂದಿನ ಕೀಲಿ ಕೆಳಗಿಳಿಯದು. ಎಷ್ಟು ಕುಟ್ಟಿದರೂ ಕಲ್ಲು. ನಾನು ಒಮ್ಮೆಗೇ ಭರಭರ ಕುಟ್ಟುವುದು, ಅದು ತಡೆಯುವುದು, ನನ್ನ ಬೆರಳು ನೋಯುವುದು. "ಅದರ ಸಂಗಾಟ ಯಾಕ ಗುದ್ದಾಡತಿ?" ಅನ್ನುತ್ತಿದ್ದ ಖಾದರಭಾಯಿ.

ಊರಿಗೆ ಹೋಗಿ ಬಂದ ಒಂದು ಸೋಮವಾರ ಅವನು ಕುರ್ಚಿ ಎಳೆದುಕೊಂಡು ನನ್ನೆದುರೇ ಕೂತ.

"ನೀ ಅಲ್ಲಿ ನಾನೂರು ಅಂದಿಯೇನು?"

"ಅಂದೆ."

"ನಾನೂರು ಏನು?"

"ಏನು ಅಂದ್ರ?"

"ಅಕ್ಷರನೋ, ಮಾತೋ?"

"ಅಕ್ಷರ. ನಿನಗ ಗೊತ್ತಿಲ್ಲೇನು?"

"ನನಗ ಗೊತ್ತೈತಿ. ಅವರಿಗೆ ಹೇಳಿದಿಯೇನು?"

ನನ್ನ ಕಾಲು ಒಮ್ಮೆಗೇ ನಿಂತಿತು. ಮೋರ್ಸಿನವರು ವೇಗವನ್ನು ಮಾತಿನಲ್ಲಿ ಎಣಿಸುತ್ತಾರೆ, ಮಿನಿಟಿಗೆ ಇಷ್ಟು ಶಬ್ದ ಎಂದು. ಇಪ್ಪತ್ತೈದು ಶಬ್ದ ಕಳಿಸುವವನಿಗೆ ಇಲಾಖೆಯಲ್ಲೆಲ್ಲ ಹೆಸರು. ಅಂಥವರ ಮುಂದೆ ಇಪ್ಪತ್ತನಾಲ್ಕರ ಪೋರನೊಬ್ಬ ಉಪ್ಪಿಟ್ಟು ತಿನ್ನುತ್ತ, ನಾನೂರಕ್ಕೆ ಒಂದೂ ಕಡಿಮೆ ಆಗುವುದಿಲ್ಲ ಎಂದಿದ್ದ.

"ಇದನ್ನ ಕೇಳಿದ್ದು ನಾ ಅಲ್ಲ" ಅಂದ ಖಾದರಭಾಯಿ. "ಆ ಹುಡುಗಿ ಕೇಳ್ಯಾಳ. ನಿನ್ನೆ ನಮ್ಮ ಮನಿ ಬಾಗಲಕ್ಕ ಬಂದು, 'ಅಣ್ಣಾ, ನಮ್ಮ ಅಪ್ಪ ನಾನೂರು ಅಂತಾರ, ನಾನೂರು ಏನು ಅಂದ್ರ ಹೇಳವಲ್ರು. ಸಾಲಿಯೊಳಗ ಹುಡುಗ್ಯಾರು ಹಿಂಗ ಉತ್ತರಾ ಬರದ್ರ ನಾ ಮಾರ್ಕ್ಸ ಕೊಡೂದಿಲ್ಲ. ನಾನೂರು ಎಮ್ಮಿಯೋ ನಾನೂರು ಇರವಿಯೋ ಅಂತ ಬರೀಬೇಕಲ್ಲ' ಅಂದ್ಳು."

ಆ ಕ್ಷಣವೇ ತಿಕೋಟಾಕ್ಕೆ ಓಡಬೇಕೆನಿಸಿತು. ಆದರೆ ತಾರುಗಳ ರಾಶಿ ಮುಂದಿತ್ತು, ವಾರದ ರಜೆ ಇನ್ನೂ ದೂರವಿತ್ತು. ರಜೆಯ ದಿನ ಖಾದರಭಾಯಿಯನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಬಸ್ಸು ತುಂಬುವ ತನಕ ಡ್ರೈವರ್ ಹತ್ತುವವನಲ್ಲ. ನಾನು ಇಳಿದು ಬೋರ್ಡು ನೋಡುವುದು, ಹತ್ತುವುದು, ಮತ್ತೆ ಇಳಿಯುವುದು ಮಾಡುತ್ತಿದ್ದೆ.

"ನೀ ಇಳದ್ರ ಬಸ್ಸ ಜಲ್ದಿ ಬಿಡತೈತೇನು?" ಅಂದ ಖಾದರಭಾಯಿ ಕಣ್ಣು ಮುಚ್ಚಿಕೊಂಡೇ.

ನಾವು ಮುಟ್ಟಿದಾಗ ಸಂಗಪ್ಪನವರು ಕಟ್ಟೆಯ ಮೇಲೆ ಸೈಕಲ್ಲಿನ ಚೈನು ಕಳಚಿ ಕೂತಿದ್ದರು. ಕೈಯೆಲ್ಲ ಕರಿ. ನನ್ನನ್ನು ನೋಡಿ ಏಳಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸುಮಿತ್ರಾ ಬಾಗಿಲ ಚೌಕಟ್ಟಿಗೆ ಆತು ನಿಂತರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಒದರಿದೆ: ಬಾಡ್, ಏಳೂವರೆ ಮಿಡಿತ, ಅಕ್ಷರ. ಸಂಗಪ್ಪನವರಿಗೆ ಏನೂ ತಿಳಿದಂತೆ ಕಾಣಲಿಲ್ಲ.

"ಸಾವಕಾಶ ಹೇಳ್ರಿ" ಅಂದರು ಸುಮಿತ್ರಾ. ನನ್ನೊಡನೆ ಅವರು ಆಡಿದ ಮೊದಲ ಮಾತು ಅದು. "ನಾನೂರು ಅಕ್ಷರ ಮಿನಿಟಿಗೆ. ಒಂದು ಮಾತಿಗೆ ಎಷ್ಟು ಅಕ್ಷರ ಹಿಡೀತೀರಿ?"

"ಐದು ರಿ."

"ಎರಡು ಮಾತಿನ ನಡುವ ಜಾಗಾ ಬಿಡಬೇಕಲ್ಲ?"

"ಅದಕ್ಕೊಂದು. ಆರು."

"ಅಂದ್ರ ಅರವತ್ತಾರು ಚಿಲ್ಲರ. ಕೇಳಿದ್ಯಾ ಯಪ್ಪಾ, ನಾನೂರಲ್ಲ. ಅರವತ್ತಾರು."

ಸಂಗಪ್ಪನವರು ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿದರು. "ಅರವತ್ತಾರೂ ಆಗೂದಿಲ್ಲ. ಮನಷ್ಯಾನ ಕೈಯಿಂದ ಆಗೂದಿಲ್ಲ."

"ಅದು ಮಶೀನಿಂದ್ರಿ" ಅಂದೆ. "ಮಶೀನು ಅಷ್ಟು ಹೊರತೈತಿ."

ಅವರು ಆಗ ತಲೆ ಎತ್ತಿ ನನ್ನನ್ನು ನೋಡಿದರು. "ನಾ ಕೇಳಿದ್ದು ನಿಮ್ಮ ಸ್ಪೀಡ. ಮಶೀನಿಗೆ ಹೆಣ್ಣು ಕೊಡಾಕ ಕೇಳಿದ್ದಿಲ್ಲ ನಾ."

ಖಾದರಭಾಯಿ ಮೋರೆ ತಿರುಗಿಸಿಕೊಂಡ. ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ನಾನು ಅಳತೆ ಹೇಳುವುದನ್ನಷ್ಟೇ ಬಿಟ್ಟಿರಲಿಲ್ಲ, ಯಂತ್ರದ ಬಲವನ್ನು ನನ್ನದೆಂದು ಹೇಳಿಕೊಂಡು ತಿರುಗುತ್ತಿದ್ದೆ.

"ನಿಮ್ಮ ಕೈ ಎಷ್ಟು?" ಎಂದು ಕೇಳಿದರು ಸಂಗಪ್ಪನವರು.

"ನಲವತ್ತು ಮಾತು ರಿ."

"ಹಂಗ ಅನಬೇಕಿಲ್ಲೇನು ಮೊದಲ?"

ಅವರು ಕೈಯನ್ನು ಅರಿವೆಯಿಂದ ಒರೆಸಿಕೊಂಡರು. ನಂತರ ನನ್ನತ್ತ ನೋಡದೆ, ಬಿಚ್ಚಿಟ್ಟ ಚೈನಿಗೆ ಹೇಳುವಂತೆ ಹೇಳಿದರು.

"ನೀವು ಸುಳ್ಳ ಹೇಳಿದ್ರಿ ಅಂತ ಒಲ್ಲೆ ಅಂದಿಲ್ಲ. ಖರೇ ಇದ್ದರೂ ಇರಬಹುದು ಅನಿಸಿತ್ತು. ಹೊಸಾ ಮಶೀನು, ಯಾರಿಗೆ ಗೊತ್ತು. ಎಮ್ಮಿ ಹತ್ರ ನಿಂತು ಲೆಕ್ಕಾ ಹಾಕಿದೆ. ನಾ ಇಪ್ಪತ್ತೈದು ಮಾತಿನಂವ. ಮೂವತ್ತೆರಡು ವರ್ಷ ಆ ಗುಬುಟು ಕುಟ್ಟೇನಿ. ನಿಮ್ಮ ನಾನೂರರ ಮುಂದ ಅದು ಎಷ್ಟಾಕ್ಕೈತಿ ಗೊತ್ತೇನ್ರಿ? ಎರಡು ವರ್ಷ. ನನ್ನ ಇಡೀ ನೌಕರಿ ಎರಡು ವರ್ಷದ ಕೆಲಸ ಆಗಿಹೋತು. ಈ ಮನಷ್ಯಾ ದಿನಾ ನನ್ನ ಎದುರಿಗೆ ಊಟಕ್ಕ ಕುಂಡ್ರೂದು ಬ್ಯಾಡ ಅನಿಸ್ತು."

ನಾನೂರರಲ್ಲಿ ಇಪ್ಪತ್ತೈದು ಹದಿನಾರು ಸಲ. ಮೂವತ್ತೆರಡನ್ನು ಹದಿನಾರರಿಂದ ಭಾಗಿಸಿದರೆ ಸರಿಯಾಗಿ ಎರಡೇ. ನನ್ನ ಪ್ರೀತಿಯ ಲೆಕ್ಕ, ಚಿಲ್ಲರೆ ಉಳಿಯದ ಲೆಕ್ಕ, ಒಬ್ಬರ ಅಂಗಳದಲ್ಲಿ ಹೋಗಿ ಮಾಡಿದ್ದೇನೆಂದು ಆಗ ತಿಳಿಯಿತು. ಆ ಲೆಕ್ಕವನ್ನು ಮುಂದೆ ಹಿಡಿದದ್ದು ಸುಮಿತ್ರಾ.

"ಯಪ್ಪಾ, ಈಗ ನಲವತ್ತರ ಮುಂದ ಹಾಕಿ ನೋಡು."

ಮುದುಕರ ತುಟಿ ಅಲುಗಾಡಿತು. "ಇಪ್ಪತ್ತು ವರ್ಷ."

"ಇಪ್ಪತ್ತು ವರ್ಷ ಅಂದ್ರ ಚಲೋ ನೌಕರಿ ಆತಲ್ಲ" ಅಂದ ಖಾದರಭಾಯಿ.

"ಹನ್ನೆರಡು ಹೋದ್ವು" ಅಂದರು ಸಂಗಪ್ಪನವರು. ಆದರೆ ಮೋರೆಯ ಮೇಲೆ ನಗುವಿನಂಥದ್ದೇನೋ ಇತ್ತು. "ಹೋಗ್ಲಿ. ಚಾ ಮಾಡು ಸುಮಿ."

ಸುಮಿತ್ರಾ ಅಲ್ಲಿಂದ ಕದಲಲಿಲ್ಲ. "ಮಾಡತೇನಿ. ಆದರ ನನ್ನ ಮಾತ ಇನ್ನೂ ಯಾರೂ ಕೇಳಿಲ್ಲ. ನಾ ಸಾಲಿ ನೌಕರಿ—"

"ಬಿಡಬ್ಯಾಡ್ರಿ" ಅಂದೆ ನಾನು.

"ನಾ ಇನ್ನೂ ಮುಗಿಸಿಲ್ರಿ."

"ಆದ್ರೂ ಬಿಡಬ್ಯಾಡ್ರಿ."

ಅವರು ಮತ್ತೆ ಆ ನೋಟ ನೋಡಿದರು, ಈ ಸಲ ಮಾರ್ಕ್ಸ್ ಕೊಡುವ ಮನಸ್ಸಿದ್ದವರಂತೆ. ಚಹಾಕ್ಕೆ ಒಳಗೆ ಹೋದರು. ಮುಂದಿನ ಬೇಸಿಗೆಯಲ್ಲಿ ನಮ್ಮ ಮದುವೆಯಾಯಿತು. ಖಾದರಭಾಯಿ ಎರಡೂ ಕಡೆಯವನಾಗಿ ಓಡಾಡಿ ಹಣ್ಣಾದ.

ಮದುವೆಯಾದ ವರ್ಷ ಸಂಗಪ್ಪನವರು ಒಂದು ಮಧ್ಯಾಹ್ನ ಆಫೀಸಿಗೆ ಬಂದರು. ಬಹಳ ದಿನದಿಂದ ಕರೆದಿದ್ದೆ. ನೋಡೋಣು, ನೋಡೋಣು ಎಂದು ತಳ್ಳುತ್ತ ಬಂದಿದ್ದರು. ಧೋತರ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೊಡೆ. ಯಂತ್ರದ ಮುಂದೆ ಕೂಡದೆ ನಿಂತರು. ಆ ಕಡೆಯ ಊರಿನಿಂದ ತಾರುಗಳು ಬರುತ್ತಿದ್ದವು. ಅವರು ಕಣ್ಣು ಮುಚ್ಚಿ, ಕಿವಿಯನ್ನು ಯಂತ್ರದ ಕಡೆ ಚಾಚಿ ಕೇಳಿದರು. ಬೆರಳು ಕೊಡೆಯ ಹಿಡಿಯ ಮೇಲೆ ಏನನ್ನೋ ಹುಡುಕುತ್ತಿತ್ತು. ನಂತರ ಕಿಟಕಿಯ ತನಕ ಹೋದರು, ತಿರುಗಿ ಬಂದರು, ಮತ್ತೆ ಹೋದರು. ನನ್ನಂಥವನಿಗೆ ಆ ಓಡಾಟ ಗುರುತು ಸಿಗದಿರುತ್ತದೆಯೆ.

"ಇದರಾಗ ಯಾರೂ ಕೇಳಸವಲ್ರಲ್ಲ ಅಳಿಯಾರ" ಅಂದರು. "ನಮ್ಮ ಲೈನಿನ್ಯಾಗ ಆ ಕಡೆ ಕುಂತಾಂವ ಯಾರು ಅಂತ ಕೈಮ್ಯಾಲೇ ತಿಳೀತಿತ್ತು. ಒಬ್ಬಾಂವ ಇದ್ದ. ಮಾರಿ ನೋಡಿಲ್ಲ ನಾ, ಇವತ್ತಿನವರೆಗೂ ನೋಡಿಲ್ಲ. ಆದರ ಅವಗ ನೆಗಡಿ ಬಂದಿದ್ರ ತಿಳೀತಿತ್ತು. ಹೆಂಡತಿ ಸಂಗಾಟ ಜಗಳಾಡಿ ಬಂದಿದ್ರ ತಿಳೀತಿತ್ತು." ಯಂತ್ರವನ್ನು ತೋರಿಸಿದರು. "ಅಲ್ಲಿ ಯಾರ ಕುಂತಾರ?"

ಆ ಲೈನಿನ ಮೇಲೆ ಎರಡು ವರ್ಷ ಕೆಲಸ ಮಾಡಿದ್ದೆ. ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಬರುತ್ತಿದ್ದುದು ತಾರು, ನಂಬರು, ಮತ್ತೆ ತಾರು.

"ಕೇಳ್ರಲ್ಲ" ಅಂದರು.

ತಾರುಗಳ ಸಾಲು ಮುಗಿದಾಗ, ಇಂಗ್ಲಿಷ್ ಅಕ್ಷರಗಳಲ್ಲಿ, ಯಾರು ಕೂತಿದ್ದೀರಿ ಎಂದು ಒತ್ತಿದೆ. ಯಂತ್ರ ಸುಮ್ಮನಾಯಿತು. ಆ ಕಡೆಯವರಿಗೆ ಗಾಬರಿಯಾಗಿರಬೇಕು. ಇಂಥ ಪ್ರಶ್ನೆ ಆ ತಂತಿಯ ಮೇಲೆ ಹೋಗಿದ್ದೇ ಇಲ್ಲ. ಸಂಗಪ್ಪನವರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ನಿಂತರು. ಕೊನೆಗೆ ಯಂತ್ರ ಅಲುಗಾಡಿ ಒಂದು ಹೆಣ್ಣಿನ ಹೆಸರು ಬಿತ್ತು. ಅದರ ಕೆಳಗೆ, ಊಟಕ್ಕೆ ಏಳುತ್ತಿದ್ದೆ, ಏನು ಬೇಕಾಗಿತ್ತು ಎಂದು.

"ಏನಿಲ್ಲ ಅಂತ ಹೇಳ್ರಿ" ಅಂದರು ಸಂಗಪ್ಪನವರು ಅವಸರದಿಂದ. "ಊಟಾ ಮಾಡ್ರಿ ಅಂತ ಹೇಳ್ರಿ."

ಏನಿಲ್ಲ, ಊಟ ಮಾಡ್ರಿ ಎಂದು ಕಳಿಸಿದೆ.

ಇನ್ನು ಹೊರಡುತ್ತಾರೆ ಎಂದು ನಾನು ಕುರ್ಚಿ ಹಿಂದೆ ಸರಿಸುವಷ್ಟರಲ್ಲಿ ಯಂತ್ರ ಮತ್ತೆ ಕಟಕಟ ಅಂದಿತು. ಅವರು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು, ಕಾಗದದ ಮೇಲೆ ಬಗ್ಗಿ, ಬೀಳುತ್ತಿದ್ದ ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಕೂಡಿಸಿ ಗಟ್ಟಿಯಾಗಿ ಓದಿದರು.

"ನಿಮ್ಮದು... ಆತೇನ್ರಿ."

ಕೊಡೆಯನ್ನು ಗೋಡೆಗೆ ಆನಿಸಿ, ಖಾದರಭಾಯಿಯ ಖಾಲಿ ಕುರ್ಚಿಯನ್ನು ಯಂತ್ರದ ಹತ್ತಿರ ಎಳೆದುಕೊಂಡು ಕೂತರು.

"ಇನ್ನೂ ಆಗಿಲ್ಲ ಅಂತ ಹೇಳ್ರಿ" ಅಂದರು.